0.41 ಎಂಬ ಕೆಂಪು ಅಂಕಿ

ಹೋದ ಆಷಾಢದಲ್ಲಿ ಆಸ್ಪತ್ರೆಯ ವಾರ್ಷಿಕ ತಪಾಸಣೆಯ ರಿಪೋರ್ಟು ಕೈಗೆ ಬಂತು. ಕ್ಷಯದ ರಕ್ತ ಪರೀಕ್ಷೆಯ ಎದುರು 0.41, ಅದರ ಪಕ್ಕ ಕೆಂಪಕ್ಷರದಲ್ಲಿ ‘ಪಾಸಿಟಿವ್’. 0.35 ಮುಟ್ಟಿದರೆ ಪಾಸಿಟಿವ್, ಮುಟ್ಟದಿದ್ದರೆ ನೆಗೆಟಿವ್, ಅಷ್ಟೇ ಲೆಕ್ಕ. ದಾವಣಗೆರೆಯ ಮೆಡಿಕಲ್ ವಾರ್ಡೊಂದರಲ್ಲಿ ಹದಿನೇಳು ವರ್ಷದಿಂದ ಕೆಮ್ಮುವವರ ಬೆನ್ನು ಸವರಿ, ಕಫದ ಡಬ್ಬಿ ಎತ್ತಿದ ಸ್ಟಾಫ್ ನರ್ಸ್ ನಾನು. ನನಗೆ ಕೆಮ್ಮಿರಲಿಲ್ಲ, ಜ್ವರವಿರಲಿಲ್ಲ, ತೂಕವೂ ಇಳಿದಿರಲಿಲ್ಲ (ಇಳಿದಿದ್ದರೆ ಖುಷಿಯೇ ಪಡುತ್ತಿದ್ದೆನೇನೋ). ಆದರೂ ಅವತ್ತು ಮಧ್ಯಾಹ್ನ ಊಟದ ರೂಮಿನಲ್ಲಿ ನನ್ನ ಡಬ್ಬಿಯ ಪಕ್ಕದ ಡಬ್ಬಿಗಳು ಒಂದು ಮೊಳ ಸರಿದವು. ಎಕ್ಸ್‌ರೇ ರಿಪೋರ್ಟ್ ಬರುವವರೆಗೆ ರೆಕಾರ್ಡ್ ರೂಮಿನಲ್ಲಿ ಕೂರಿ ಎಂದರು. ಎಕ್ಸ್‌ರೇ ಸ್ವಚ್ಛವಿತ್ತು. ಎರಡು ತಿಂಗಳು ಬಿಟ್ಟು ನನ್ನ ಕೈಯಿಂದಲೇ ದುಡ್ಡು ಕೊಟ್ಟು ಮತ್ತೆ ರಕ್ತ ಕೊಟ್ಟೆ. 0.22, ನೆಗೆಟಿವ್. ನಡುವೆ ಒಂದು ಮಾತ್ರೆಯನ್ನೂ ನುಂಗಿರಲಿಲ್ಲ.

ಈ ಪರೀಕ್ಷೆಗೆ ಐಜಿಆರ್‌ಎ ಅನ್ನುತ್ತಾರೆ. ನಮ್ಮಲ್ಲಿ ಮಾಡುವ ಕ್ವಾಂಟಿಫೆರಾನ್‌ಗೆ ನಾಲ್ಕು ಟ್ಯೂಬು: ಬೂದು, ಹಸಿರು, ಹಳದಿ, ನೇರಳೆ ಮುಚ್ಚಳದವು. ಒಂದೊಂದಕ್ಕೂ ಒಂದು ಮಿಲಿಲೀಟರ್ ರಕ್ತ ಬಿಟ್ಟು ಹತ್ತು ಸಲ ಅಲ್ಲಾಡಿಸಬೇಕು. ಆಮೇಲೆ 37 ಡಿಗ್ರಿ ಶಾಖದಲ್ಲಿ 16ರಿಂದ 24 ಗಂಟೆ ಇಡಬೇಕು. ಹಸಿರು, ಹಳದಿ ಟ್ಯೂಬುಗಳ ಒಳಗೋಡೆಗೆ ಕ್ಷಯದ ರೋಗಾಣುವಿನ ಪ್ರೋಟೀನಿನ ತುಣುಕುಗಳನ್ನು ಸವರಿರುತ್ತಾರೆ. ಅದರ ಪರಿಚಯವಿರುವ ರಕ್ತಕಣಗಳು ಇಂಟರ್‌ಫೆರಾನ್ ಗಾಮಾ ಎಂಬ ವಸ್ತುವನ್ನು ಬಿಡುತ್ತವೆ. ಅದನ್ನೇ ಅಳೆಯುವುದು. ಲ್ಯಾಬಿನ ಹುಡುಗನನ್ನು ಕೇಳಿದರೆ, “ಅಕ್ಕಾ, ಕಮ್ಮಿ ಅಲ್ಲಾಡ್ಸಿದ್ರೂ ಕಷ್ಟ, ಜಾಸ್ತಿ ಅಲ್ಲಾಡ್ಸಿದ್ರೂ ಕಷ್ಟ” ಅಂದ. ಶಾಖದ ಪೆಟ್ಟಿಗೆಗೆ ಸೇರಿಸಲು ತಡವಾದರೂ ಅಂಕಿ ಅತ್ತಿತ್ತ ಆಗುತ್ತದಂತೆ.

ಪರೀಕ್ಷೆಯೇ ಸುಳ್ಳು ಎನ್ನುತ್ತಿಲ್ಲ. ತೋಳಿಗೆ ಚುಚ್ಚುವ ಮಾಂಟೂ ಪರೀಕ್ಷೆ ಬಿಸಿಜಿ ಲಸಿಕೆಗೂ ಊದಿಕೊಳ್ಳಬಹುದು, ಇದಕ್ಕೆ ಆ ಗೊಂದಲವಿಲ್ಲ. 2012ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ ಪ್ರತಿಕಾಯದ ರಕ್ತ ಪರೀಕ್ಷೆಯೂ ಇದಲ್ಲ, ಅದರ ಕತೆಯೇ ಬೇರೆ. ಆದರೆ ರೋಗಾಣು ಒಳಗೆ ಮಲಗಿದೆಯೋ ಎದ್ದಿದೆಯೋ ಎಂದು ಇದು ಹೇಳಲಾರದು. ಎಂದೋ ಆದ ಭೇಟಿಯ ನೆನಪನ್ನಷ್ಟೇ ಹೇಳುತ್ತದೆ. ಗಡಿಯ ಹತ್ತಿರ ಆ ನೆನಪೂ ತಡವರಿಸುತ್ತದೆ.

ಅಮೆರಿಕದ ನಾಲ್ಕು ಕಡೆಯ ಎರಡೂವರೆ ಸಾವಿರ ಆರೋಗ್ಯ ಸಿಬ್ಬಂದಿಯನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ನೆಗೆಟಿವ್ ಇದ್ದವರಲ್ಲಿ ಕ್ವಾಂಟಿಫೆರಾನ್ ಪ್ರಕಾರ ಶೇ. 6ರಷ್ಟು ಜನ ಪಾಸಿಟಿವ್‌ಗೆ ತಿರುಗಿದ್ದರು. ಚರ್ಮದ ಪರೀಕ್ಷೆಯಲ್ಲಿ ಹಾಗೆ ತಿರುಗಿದವರು ಶೇ. 1ಕ್ಕಿಂತ ಕಡಿಮೆ. ರಕ್ತದಲ್ಲಿ ಪಾಸಿಟಿವ್ ಆದವರನ್ನು ಆರು ತಿಂಗಳ ನಂತರ ಮತ್ತೆ ನೋಡಿದರೆ, ನಾಲ್ವರಲ್ಲಿ ಮೂವರು ನೆಗೆಟಿವ್! 2019ರಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿ, ಸೋಂಕಿತರ ಸಂಪರ್ಕವಾಗದ ಸಿಬ್ಬಂದಿಗೆ ವರ್ಷವರ್ಷದ ಪರೀಕ್ಷೆ ಬೇಡ ಎಂದಿತು.

ನಾವು ಅಮೆರಿಕದಲ್ಲಿಲ್ಲ, ನಿಜ. ನಮ್ಮದೇ ದೇಶದ ಸೇವಾಗ್ರಾಮದ ಆಸ್ಪತ್ರೆಯಲ್ಲಿ 726 ಸಿಬ್ಬಂದಿಯನ್ನು ಪರೀಕ್ಷಿಸಿದಾಗ ಚರ್ಮದ್ದೋ ರಕ್ತದ್ದೋ ಒಂದು ಪರೀಕ್ಷೆಯಲ್ಲಾದರೂ ಅರ್ಧದಷ್ಟು ಜನ ಪಾಸಿಟಿವ್ ಬಂದಿದ್ದರು. ಆ ವರದಿ ಬಂದದ್ದು 2005ರಲ್ಲಿ. ಅರ್ಧ ವಾರ್ಡಿಗೇ ಕೆಂಪಕ್ಷರ ಬಿದ್ದರೆ ಯಾರ ಡಬ್ಬಿಯಿಂದ ಯಾರು ಸರಿಯುವುದು? ಹೊಸದಾಗಿ ಸೋಂಕು ತಗುಲಿದವರು ಯಾರು ಎಂಬುದೇ ನಮಗೆ ಬೇಕಾದ ಸಂಗತಿ. ತಡೆ ಔಷಧದಿಂದ ಹೆಚ್ಚು ಲಾಭ ಅವರಿಗೇ. ಆದರೆ ಹಳೆಯ ನೆಗೆಟಿವ್ ಹೊಸ ಪಾಸಿಟಿವ್ ಆಗುವ ಆ ಜಾಗದಲ್ಲೇ ಪರೀಕ್ಷೆ ಎಡವುವುದು. ತಡೆ ಔಷಧವಾಗಿ ಆರು ತಿಂಗಳು ಐಸೋನಿಯಜಿಡ್ ನುಂಗುವುದೆಂದರೆ ಹುಡುಗಾಟವಲ್ಲ, ಲಿವರ್ ಮೇಲೆ ಕಣ್ಣಿಟ್ಟಿರಬೇಕು. ಬೇಕಾದವರು ಖಂಡಿತ ನುಂಗಲಿ. 0.06ರ ವ್ಯತ್ಯಾಸವನ್ನು ನಂಬಿ ಮಾತ್ರ ಬೇಡ.

ಆಡಳಿತ ಮಂಡಳಿಗಳಿಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಕೆಲಸಕ್ಕೆ ಸೇರುವಾಗ ಒಮ್ಮೆ ಪರೀಕ್ಷಿಸಿ. ಕಫದಲ್ಲಿ ರೋಗಾಣುವಿರುವ ರೋಗಿಯನ್ನು ಮಾಸ್ಕ್ ಇಲ್ಲದೆ ನೋಡಿಕೊಂಡ ಸಿಸ್ಟರ್‌ಗೆ, ವಾರ್ಡ್ ಬಾಯ್‌ಗೆ, ಮುಖ್ಯವಾಗಿ ಯಾರ ಪಟ್ಟಿಯಲ್ಲೂ ಇರದ ಕಸ ಗುಡಿಸುವ ಆಯಾಗೆ ಪರೀಕ್ಷೆ ಮಾಡಿಸಿ. ಕೆಮ್ಮು ಎರಡು ವಾರ ದಾಟಿದರೆ ರಕ್ತದ ಟ್ಯೂಬು ಹುಡುಕದೆ ಕಫ ಮತ್ತು ಎಕ್ಸ್‌ರೇ ಮಾಡಿಸಿ. ರಿಪೋರ್ಟಿನಲ್ಲಿ ಅಂಕಿಯನ್ನು ಮುಚ್ಚಿಡಬೇಡಿ. 0.2ರಿಂದ 0.7ರ ನಡುವಿನದನ್ನು ಹಲವು ಸಂಶೋಧಕರು ಗಡಿಯ ಫಲಿತಾಂಶವೆಂದೇ ಎಣಿಸುತ್ತಾರೆ. ಅಂಥವರ ರಕ್ತವನ್ನು ಇನ್ನೊಮ್ಮೆ ನೋಡದೆ ರೆಕಾರ್ಡ್ ರೂಮಿಗೆ ಕಳಿಸಬೇಡಿ.

ವರ್ಷವರ್ಷ ಈ ಪರೀಕ್ಷೆಗೆ ಸುರಿಯುವ ದುಡ್ಡಿನಲ್ಲಿ ಎನ್-95 ಮಾಸ್ಕುಗಳು ಬರುತ್ತವೆ, ಗಾಳಿ ಹೊರಗೆಳೆಯುವ ಫ್ಯಾನು ಬರುತ್ತದೆ. ನಮ್ಮ ವಾರ್ಡಿನ ಪೂರ್ವದ ಗೋಡೆಯ ಎರಡು ಕಿಟಕಿಗಳಿಗೆ ಎಸಿ ಕೂರಿಸಿದ ವರ್ಷ ಮೊಳೆ ಹೊಡೆದು ಮುಚ್ಚಿದ್ದರು. ಇನ್ನೂ ತೆಗೆದಿಲ್ಲ.