ಗುಂಡಿಯ ಹಿಂದೆ ಏನಿದೆ?

ಖಾಸಬಾಗದ ನಮ್ಮ ಓಣಿಯಲ್ಲಿ ಮಗ್ಗ ಬೇರೆ, ಮನೆ ಬೇರೆ ಅಲ್ಲ. ಪಡಸಾಲೆಯಲ್ಲಿ ವಿದ್ಯುತ್ ಮಗ್ಗ, ಅದರಾಚೆ ಅಡುಗೆಮನೆ. ಪಾತ್ರೆ ತಿಕ್ಕುತ್ತಿದ್ದವಳು ಒದ್ದೆ ಕೈಯಲ್ಲೇ ಓಡಿಬಂದು ಮಗ್ಗ ನಿಲ್ಲಿಸುವ ಗುಂಡಿ ಒತ್ತುತ್ತಾಳೆ. ಆ ಗುಂಡಿಯ ಹಿಂದೆ ಏನಿದೆ ಎಂದು ಕೇಳಿದರೆ ಮಾತ್ರ, ‘ಅದೆಲ್ಲಾ ನಿಮಗ್ಯಾಕ ಬೇಕ್ರಿ ಅಕ್ಕಾರ?’ ಎನ್ನುತ್ತಾರೆ.

ಬೇಕು. ಒಂದು ಮಳೆಗಾಲದಲ್ಲಿ ಒಡೆದ ಗುಂಡಿಯಿಂದ ನನ್ನ ಕೈ ಮೊಣಕೈವರೆಗೆ ಜುಮ್ಮೆಂದಿತ್ತು. ಆ ಪೆಟ್ಟಿಗೆಯಲ್ಲಿ ಹರಿಯುತ್ತಿದ್ದುದು 230 ವೋಲ್ಟಿನ ಎಸಿ. ಮೋಟಾರಿಗೆ ಅಷ್ಟು ಬೇಕು, ಒಪ್ಪುತ್ತೇನೆ. ಆದರೆ ‘ನಡಿ’, ‘ನಿಲ್ಲು’ ಎಂದು ಹೇಳುವುದಕ್ಕೂ ಅಷ್ಟೇ ಏಕೆ? ಆ ಕೆಲಸಕ್ಕೆ 24 ವೋಲ್ಟಿನ ಡಿಸಿ ಸಾಕು.

ಡಿಸಿ ಎಂದ ಮಾತ್ರಕ್ಕೆ ಸುರಕ್ಷಿತ ಎಂದು ನಾನು ಹೇಳುತ್ತಿಲ್ಲ. 230 ವೋಲ್ಟಿನ ಡಿಸಿಯೂ ಜೀವ ತೆಗೆದೀತು. ಕಾಯುವುದು 24 ಎಂಬ ಅಂಕಿ. ಸರಿಯಾದ ಟ್ರಾನ್ಸ್‌ಫಾರ್ಮರಿನಿಂದ 24 ವೋಲ್ಟಿನ ಎಸಿ ಕೊಟ್ಟರೂ ಕೈ ಉಳಿಯುತ್ತದೆ. ಆದರೆ ನಮ್ಮ ಕರೆಂಟಿನ ಗುಣ ನಿಮಗೆ ಗೊತ್ತಲ್ಲ. ಎಸಿ ಸೆಕೆಂಡಿಗೆ 100 ಸಲ ಸೊನ್ನೆಗಿಳಿದು ಏಳುತ್ತದೆ. ವೋಲ್ಟೇಜು ಕುಸಿದಾಗ ಕಾಂಟ್ಯಾಕ್ಟರ್ ಗಟ್ಟಿಯಾಗಿ ಕಚ್ಚದೆ ಕಟಕಟ ಎನ್ನುತ್ತದೆ. ಪೂರ್ತಿ ಮುಚ್ಚದ ಎಸಿ ಕಾಯಿಲು ಹೆಚ್ಚು ಕರೆಂಟು ಎಳೆದು ಸುಟ್ಟುಹೋಗುತ್ತದೆ. ಒಳ್ಳೆಯ ಡಿಸಿ ಪೆಟ್ಟಿಗೆಯಾದರೆ ಒಳಬರುವುದು ಏರಿಳಿದರೂ ಹೊರಗೆ 24ನ್ನೇ ಕೊಡುತ್ತದೆ. ಇಂದಿನ ಸೆನ್ಸರುಗಳಿಗೂ ಹೆಚ್ಚಾಗಿ ಬೇಕಾದದ್ದು ಅದೇ.

ನಮ್ಮ ಮಿಸ್ತ್ರಿಯ ತಕರಾರು ಪೂರ್ತಿ ಸುಳ್ಳಲ್ಲ. ‘24ಕ್ಕ ಟೆಸ್ಟರ್ ಹತ್ತಂಗಿಲ್ರಿ, ದೋಷ ಹೆಂಗ ಹುಡುಕೂದು?’ ಎಂದ. ಮೀಟರು ಹಿಡಿಯಲಿ! ಅವನ ಟೆಸ್ಟರು ಹತ್ತಲಿ ಎಂದು ನಮ್ಮ ಮಕ್ಕಳು 230ರ ಪಕ್ಕ ಆಡಬೇಕೇ? ಡಿಸಿ ಪೆಟ್ಟಿಗೆ ಕೆಟ್ಟರೆ ಅದರ ಮೇಲಿರುವ ಮಗ್ಗಗಳೆಲ್ಲ ನಿಲ್ಲುತ್ತವೆ ಎಂದದ್ದು ಮಾತ್ರ ನಿಜ. ಅದಕ್ಕೆ ಇನ್ನೊಂದನ್ನು ತಂದಿಡಬೇಕು. ಖರ್ಚೆನ್ನುವ ಗಂಡಸರು ಮಗ್ಗದ ಬೆಲೆಯ ಪಕ್ಕದಲ್ಲಿ ಆ ಪೆಟ್ಟಿಗೆಯ ಬೆಲೆ ಬರೆದು ನೋಡಲಿ.

ಇನ್ನೊಂದು ಮಾತು. ಕರೆಂಟು ಹೋಗಿ ಬಂದಾಗ ಮಗ್ಗ ತಾನಾಗಿ ಹೊರಡಕೂಡದು. ಎಳೆ ಕಟ್ಟುವವಳ ಕೈ ಒಳಗಿರುತ್ತದೆ. ಇದು ಎಸಿ, ಡಿಸಿಯ ಪ್ರಶ್ನೆಯಲ್ಲ, ತಂತಿ ಜೋಡಿಸುವ ರೀತಿಯದು. ಮತ್ತೆ ಗುಂಡಿ ಒತ್ತಿದರೆ ಮಾತ್ರ ಹೊರಡುವಂತೆ, ನಿಲ್ಲಿಸುವ ತಂತಿ ಕಡಿದರೂ ಮಗ್ಗ ನಿಲ್ಲುವಂತೆ ಜೋಡಿಸಬಹುದು. ಮಗ್ಗದ ಕಬ್ಬಿಣಕ್ಕೆ ಅರ್ಥಿಂಗಂತೂ ಬೇಕೇ ಬೇಕು.

ಹೊಸ ಮಗ್ಗ ಬಂದ ದಿನ ನಾನು ಪೆಟ್ಟಿಗೆ ತೆರೆಸಿದೆ. ಇವರು ಮುಖ ತಿರುವಿದರು. ಮಿಸ್ತ್ರಿ ಮೀಟರು ಹಚ್ಚಿದ. 24 ತೋರಿಸಿದ ಮೇಲೆಯೇ ಅವನಿಗೆ ಚಹಾ ಕೊಟ್ಟೆ.