ಆಕಾಶದಲ್ಲಿ ಡಿಕ್ಕಿ ತಪ್ಪುವುದು ಹೇಗೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ತೋಟಗಳ ಮೇಲೆ ವಿಮಾನ ಹಾರಿದರೆ ಮಕ್ಕಳು ತಲೆಯೆತ್ತಿ ನೋಡುತ್ತಾರೆ. ಅಲ್ಲಿ ಎರಡು ವಿಮಾನ ಎದುರಾದರೆ?

ನೆಲದ ರೇಡಾರ್ ಕೇಳಿದಾಗ ವಿಮಾನದ ‘ಟ್ರಾನ್ಸ್‌ಪಾಂಡರ್’ ತನ್ನ ಗುರುತು, ಎತ್ತರಗಳನ್ನು ರೇಡಿಯೋ ಅಲೆಯಲ್ಲಿ ತಿಳಿಸುತ್ತದೆ. ಅದನ್ನು ನೋಡಿ ನಿಯಂತ್ರಕರು ದಾರಿ ಹೇಳುತ್ತಾರೆ. ಆದರೂ ಮನುಷ್ಯ ತಪ್ಪಬಹುದು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತರು. ಅನಂತರ ಭಾರತದಲ್ಲಿ ‘ಟಿಕ್ಯಾಸ್’ ಉಪಕರಣ ಕಡ್ಡಾಯವಾಯಿತು.

ಇದು ನೆಲದ ಮಾತಿಗೆ ಕಾಯದೆ ಎದುರಿನ ವಿಮಾನವನ್ನೇ ಕೇಳುತ್ತದೆ. ಉತ್ತರ ಬರಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕಹಾಕುತ್ತದೆ. ಅಪಾಯವಿದ್ದರೆ ಒಂದಕ್ಕೆ ‘ಏರು’, ಇನ್ನೊಂದಕ್ಕೆ ‘ಇಳಿ’ ಎನ್ನುತ್ತದೆ. 2018ರ ಜುಲೈ 10ರಂದು ಬೆಂಗಳೂರು ವಾಯುಪ್ರದೇಶದಲ್ಲಿ ಎರಡು ವಿಮಾನಗಳ ಎತ್ತರದ ಅಂತರ ಸುಮಾರು 200 ಅಡಿಗೆ ಇಳಿದಿತ್ತು. ಈ ಎಚ್ಚರಿಕೆಯಿಂದಲೇ ಮುನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಪಾರಾದರು.