ತಗ್ಗುವುದು ಬೇರೆ, ಕುಗ್ಗುವುದು ಬೇರೆ

ಸಭೆಗಳಲ್ಲಿ ಒಂದು ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿಹೋಗಿದೆ. ‘ನಾನು ಭಾಷಣಕಾರನಲ್ಲ, ನನಗೆ ಹೆಚ್ಚೇನೂ ತಿಳಿಯದು’ ಎಂದು ಕೈಮುಗಿದು ಆರಂಭಿಸುವ ಮಹನೀಯರು ಮುಕ್ಕಾಲು ಗಂಟೆ ಕಳೆದರೂ ಮೈಕು ಬಿಡುವುದಿಲ್ಲ. ಇದನ್ನು ನಾವು ವಿನಯವೆಂದು ಕರೆದು ಚಪ್ಪಾಳೆ ತಟ್ಟುತ್ತೇವೆ. ‘ಛೇ, ಹಾಗೆನ್ನಬೇಡಿ’ ಎಂದು ಎದುರಿನವರು ಹೇಳಲೆಂದು ಕಾಯುವುದು ಯಾಚನೆಯಲ್ಲದೆ ಮತ್ತೇನು?

ಇವರ ಕಪಟದಿಂದ ಹೆಚ್ಚಿನ ಹಾನಿಯಿಲ್ಲವೆನ್ನಿ. ಆದರೆ ಆ ಮಾತನ್ನು ನಿಜವೆಂದೇ ನಂಬಿ ತಮಗೆ ಅನ್ವಯಿಸಿಕೊಳ್ಳುವ ಸಾಧುಜನರಿದ್ದಾರಲ್ಲ, ನನ್ನ ಜಗಳವೆಲ್ಲ ಅವರ ಸಲುವಾಗಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು 22 ವರ್ಷ ಗಣಿತ ಬೋಧಿಸಿದವಳು. ಆಡಳಿತ ಮಂಡಳಿಯವರೇ ಕರೆದು ಮುಖ್ಯೋಪಾಧ್ಯಾಯಿನಿಯಾಗೆಂದಾಗ, ‘ನನ್ನದು ಕನ್ನಡ ಮಾಧ್ಯಮದ ಓದು, ಅಷ್ಟು ಯೋಗ್ಯತೆ ಇಲ್ಲ ಸಾರ್’ ಎಂದು ಬಿಟ್ಟುಕೊಟ್ಟಳು. ಬಂಧುಗಳು ‘ಎಂಥ ವಿನಯ!’ ಎಂದು ಹೊಗಳಿದರಂತೆ. ಈಗ ಆ ಕುರ್ಚಿಯಲ್ಲಿ ಕುಳಿತವರಿಗೆ ವೇಳಾಪಟ್ಟಿ ಸಿದ್ಧಪಡಿಸಿ ಕೊಡುವವಳೂ ಆಕೆಯೇ.

ನನ್ನ ತರಗತಿಯಲ್ಲಿ ಪಂಪನನ್ನು ಓದಿದವರಿಗೆ ನೆನಪಿರಬಹುದು. ವ್ಯಾಸರ ನುಡಿಗಡಲನ್ನು ಈಜಲು ಹೊರಟಿದ್ದರೂ ತಾನೇ ವ್ಯಾಸನೆಂಬ ಗರ್ವ ತನಗಿಲ್ಲವೆಂಬ ಅರ್ಥದ ಮಾತನ್ನು ಭಾರತದ ಆರಂಭದಲ್ಲಿಯೇ ಆತ ಹೇಳುತ್ತಾನೆ. ಅದೇ ಪಂಪನು ತನ್ನ ಎರಡು ಮಹಾಕಾವ್ಯಗಳಲ್ಲಿ ಒಂದು ಆರು ತಿಂಗಳಲ್ಲಿ, ಇನ್ನೊಂದು ಮೂರೇ ತಿಂಗಳಲ್ಲಿ ಮುಗಿಯಿತೆಂಬುದನ್ನು ಮುಚ್ಚಿಡುವುದಿಲ್ಲ. ಗದುಗಿನ ನಾರಣಪ್ಪನಂತೂ ಕಾವ್ಯದ ಕರ್ತೃತ್ವವನ್ನೇ ವೀರನಾರಾಯಣನಿಗೆ ಒಪ್ಪಿಸಿ, ತಾನು ಬರೆದುಕೊಂಡವನಷ್ಟೇ ಎನ್ನುತ್ತಾನೆ. ಹಾಗೆಂದವನೇ, ಕರಡಿಗೆಂದು ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದವನ್ನು ಅಳಿಸಲಿಲ್ಲ, ಪರರ ರೀತಿಯನ್ನು ಎರವಲು ತರಲಿಲ್ಲ ಎಂದು ತನ್ನ ಹೆಗ್ಗಳಿಕೆಗಳನ್ನು ಒಂದೊಂದಾಗಿ ಎಣಿಸುತ್ತಾನೆ. (ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷನು ತಿಣುಕಿದನೆಂದು ಚೇಷ್ಟೆ ಮಾಡಿದವನೂ ಇವನೇ!)

ಇದು ಪರಸ್ಪರ ವಿರೋಧವೆಂದು ಪರೀಕ್ಷೆಯಲ್ಲಿ ಬರೆದವರೂ ಉಂಟು. ವಿರೋಧವೆಲ್ಲಿ? ತನಗಿಂತ ಹಿರಿದಾದುದರ ಮುಂದೆ ತಲೆಬಾಗುವುದು, ತನಗೆ ದಕ್ಕಿದುದರ ಲೆಕ್ಕವನ್ನು ಸರಿಯಾಗಿ ಒಪ್ಪಿಸುವುದು, ಎರಡೂ ಸತ್ಯ ನುಡಿಯುವ ಕೆಲಸವೇ. ಕಿಸೆಯಲ್ಲಿ ನೂರು ರೂಪಾಯಿ ಇಟ್ಟುಕೊಂಡು ಸಾವಿರವಿದೆ ಎನ್ನುವವನು ಸುಳ್ಳ. ಹತ್ತೇ ಇದೆ ಎನ್ನುವವನೂ ಸುಳ್ಳನೇ. ಮೊದಲನೆಯವನನ್ನು ಜರೆಯುತ್ತೇವೆ, ಎರಡನೆಯವನಿಗೆ ಶಾಲು ಹೊದಿಸುತ್ತೇವೆ.

‘ಅಹಂಕಾರಿಗಳೇ ತುಂಬಿರುವ ಈ ಕಾಲಕ್ಕೆ ಇದೆಂಥ ಉಪದೇಶ ಮೇಷ್ಟ್ರೇ?’ ಎಂದು ನಿಮ್ಮಲ್ಲಿ ಕೆಲವರು ಕೇಳುವಿರೆಂದು ಬಲ್ಲೆ. ಜಂಬಗಾರರಿಗೆ ನನ್ನ ಉಪದೇಶ ಎಂದೂ ಬೇಕಾಗಿರಲಿಲ್ಲ. ಆದರೆ ಅವರು ಕುಳಿತಿರುವ ಕುರ್ಚಿಗಳನ್ನು ನೋಡಿ. ಅವುಗಳಲ್ಲಿ ಎಷ್ಟೋ ಬಲ್ಲವರು ನಾಚಿಕೊಂಡು ಬಿಟ್ಟುಹೋದವು.

ಬರುವ ಜೂನ್‌ನಲ್ಲಿ ಆ ಶಾಲೆಯಲ್ಲಿ ಅದೇ ಸ್ಥಾನ ಮತ್ತೆ ತೆರವಾಗುತ್ತದಂತೆ. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಮ್ಮ, 22 ವರ್ಷದ ಸೇವೆಯನ್ನು ಮೊದಲ ಸಾಲಿನಲ್ಲಿಯೇ ಹಾಕು ಎಂದು ಆಕೆಗೆ ತಿಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.